ಗಡಿಗೆ ಒಡೆಯುವ ಮೊದಲೇ ಬಂದ ಸುದ್ದಿ

"ಅವ್ವಾ, ದೇಶದ ಚುನಾವಣೆ ಮುಗಿಯಿತು. ಮತ ಎಣಿಸಿದರು. ಜಗಳ ಬಂತು, ಮತ್ತೊಮ್ಮೆ ಎಣಿಸಿದರು. ಗೆದ್ದವನೇ ಗೆದ್ದ. ನಮ್ಮ ಪತ್ರಿಕೆಯಲ್ಲಿ ಎಲ್ಲರಿಗಿಂತ ಮೊದಲು, ಎಣಿಕೆ ಮುಗಿಯುವ ಮುಂಚೆಯೇ ಅದನ್ನೇ ಬರೆದಿದ್ದೆವು. ಆದರೂ ಅರ್ಧ ಜನ ಮೋಸ ಅನ್ನುತ್ತಾರೆ, ನಮ್ಮನ್ನು ಸುಳ್ಳುಗಾರರು ಅನ್ನುತ್ತಾರೆ. ನಿಜ ಬರೆದ ಮೇಲೂ ನಂಬದಿದ್ದರೆ ತಪ್ಪು ಯಾರದು?"

ಹೀಗೆ ಕೇಳಿದವನು ಈರಭದ್ರ, ಪತ್ರಿಕೆಯ ವರದಿಗಾರ. ಕೇಳಿಸಿಕೊಂಡವಳು ಅವನ ಗುರು ಸಾವಂತ್ರವ್ವ. ಅವಳ ಓದು ಎರಡನೇ ಇಯತ್ತೆಗೇ ನಿಂತಿತ್ತು, ಮಾತು ನಿಂತಿರಲಿಲ್ಲ.

"ತಪ್ಪು ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ಹುಡುಕೋಣ. ಮೊದಲು ಒಬ್ಬನ ಮಾನ ಹೋದ ಕತೆ ಕೇಳು," ಎಂದು ಅವಳು ಹೇಳತೊಡಗಿದಳು.

ಅದು ನನ್ನ ತಾಯಿಯ ತವರು, ಒಂದು ಪೇಟೆ. ನಾನು ಬೆಳೆದದ್ದೂ ಅಲ್ಲೇ. ಮೂರು ವರ್ಷಕ್ಕೊಮ್ಮೆ ಪೇಟೆಗೆ ಯಜಮಾನನನ್ನು ಆರಿಸುತ್ತಿದ್ದರು. ಆಗ ಚೀಟಿ ಇಲ್ಲ, ಯಂತ್ರ ಇಲ್ಲ. ಕಟ್ಟೆಯ ಮೇಲೆ ಎರಡು ಗಡಿಗೆ, ಎಡಕ್ಕೆ ಒಬ್ಬನದು, ಬಲಕ್ಕೆ ಒಬ್ಬನದು. ಬಾಯಿಗೆ ಮಣ್ಣು ಮೆತ್ತಿ ಒಂದು ಬೀಜ ತೂರುವಷ್ಟು ತೂತು ಬಿಟ್ಟಿರುತ್ತಿದ್ದರು. ಮೇಲೆ ಕಂಬಳಿ. ಮನೆಗೊಂದು ಹುಣಸೆ ಬೀಜ. ಕಂಬಳಿಯೊಳಗೆ ಕೈ ಹಾಕಿ ಬೇಕಾದ ಗಡಿಗೆಗೆ ಬಿಡಬೇಕು. ಆ ಪೇಟೆಯಲ್ಲಿ ಗುಟ್ಟಾಗಿ ಉಳಿಯುತ್ತಿದ್ದದ್ದು ಅದೊಂದೇ. ಮಿಕ್ಕಿದ್ದೆಲ್ಲ ಬಾವಿಕಟ್ಟೆಗೆ ಗೊತ್ತು. ಸಂಜೆ ಎಲ್ಲರೆದುರು ಗಡಿಗೆ ಒಡೆದು ಎಣಿಸುತ್ತಿದ್ದರು.

ಎಣಿಸುವಾಗ ಡಂಗುರ ಸಾರುವವನು ಪಕ್ಕದಲ್ಲೇ ಕೂತಿರಬೇಕು. ಮುಗಿದ ಮೇಲೆ ಅವನು ಹೋಗುತ್ತಿದ್ದದ್ದು ಗೆದ್ದವನ ಮನೆಗಲ್ಲ, ಸೋತವನ ಮನೆಗೆ. ತಮಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು, "ನಾನು ಕಂಡೆ" ಎನ್ನುತ್ತಿದ್ದ. ಅಷ್ಟೇ. ಸೋತವನು ಅವನಿಗೆ ಎಲೆಅಡಿಕೆ ಕೊಡುತ್ತಿದ್ದ. ಕೊಟ್ಟನೆಂದರೆ ಒಪ್ಪಿದನೆಂದು ಅರ್ಥ. ಆಮೇಲೆ ತಮಟೆ. ಎಂಥ ಚಂದದ ಕಾಲ! ಸೋತವನ ಹೆಂಡತಿ ಒಳಗೆ ಪಾತ್ರೆ ಎಸೆಯುತ್ತಿದ್ದಳು, ಹೊರಗೆ ಗಂಡ ನಗುತ್ತ ಎಲೆ ಕೊಡುತ್ತಿದ್ದ. "ನಾನು ಕಂಡೆ" ಎಂಬ ಮಾತಿಗೆ ಅಷ್ಟು ತೂಕ. ಅಂಥ ಮಾತು ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

ಒಂದು ವರ್ಷ ಒಬ್ಬ ಎಣ್ಣೆ ವ್ಯಾಪಾರಿ ನಿಂತ, ಒಬ್ಬ ಕುಂಬಾರ ನಿಂತ. ವ್ಯಾಪಾರಿಗೆ ದೊಡ್ಡ ಅಂಗಡಿ ಇತ್ತು, ಎರಡನೇ ಮನೆಯೂ ಇತ್ತು. ಆ ಸುದ್ದಿ ಈಗ ಬೇಡ. ಕುಂಬಾರನಿಗೆ ಇದ್ದದ್ದು ಒಂದು ತಿಗರಿ, ಒಂದು ಒಳ್ಳೆಯ ಹೆಸರು. ಅವನ ಗಡಿಗೆಯನ್ನು ಯಾರೂ ಬೆರಳಿನಿಂದ ತಟ್ಟಿ ನೋಡುತ್ತಿರಲಿಲ್ಲ. ಹಾಗೇ ಎತ್ತಿಕೊಂಡು ಹೋಗುತ್ತಿದ್ದರು. ಆರಿಸುವ ಗಡಿಗೆಗಳನ್ನೂ ಮೊದಲಿನಿಂದ ಅವನೇ ಮಾಡಿ ಕೊಡುತ್ತಿದ್ದ. ಆ ವರ್ಷವೂ ಕೊಟ್ಟ. ತಾನೇ ನಿಂತಿದ್ದೇನೆ, ಈ ಸಲ ಬೇಡ ಎಂದು ಅವನಿಗೂ ಹೊಳೆಯಲಿಲ್ಲ, ಪೇಟೆಗೂ ಹೊಳೆಯಲಿಲ್ಲ. ಅಷ್ಟು ನಂಬಿಕೆ.

ಆ ಹೊತ್ತಿಗೆ ಪೇಟೆಗೆ ಕೊಂಬೂದಿ ಸುದ್ದಿ ಸಾರುವವನೊಬ್ಬ ಬಂದಿದ್ದ. ಸುದ್ದಿ ಮೊದಲು ತಂದವನಿಗೆ ಜನ ಬೆಲ್ಲ, ಅವಲಕ್ಕಿ ಕೊಡತೊಡಗಿದ್ದರು. ಡಂಗುರದವನ ಹೆಂಡತಿ ಗಂಡನಿಗೆ ಚುಚ್ಚಿದಳು.

"ಕೊಂಬಿನವನ ಮನೇಲಿ ಬೆಲ್ಲಕ್ಕೆ ಇರುವೆ ಸಾಲು ಹಿಡಿದಿದೆ. ನಮ್ಮನೇಲಿ ಇರುವೆಗೂ ಉಪವಾಸ. ನೀನು ಎಣಿಸೋವರೆಗೂ ಕೂತಿರು, ಗುಡಿ ಮುಂದಿನ ಬಸವಣ್ಣನ ಹಾಗೆ!"

ಡಂಗುರದವನು ದಡ್ಡನಲ್ಲ. ಮೂವತ್ತು ವರ್ಷ ಜನರ ಮುಖ ನೋಡಿದವನು. ಕಂಬಳಿಯಿಂದ ಕೈ ತೆಗೆದವರ ಮುಖ ನೋಡುತ್ತಲೇ ಕುಂಬಾರ ಗೆಲ್ಲುತ್ತಾನೆಂದು ತಿಳಿದುಕೊಂಡ. ಮಧ್ಯಾಹ್ನಕ್ಕೆ ಬೀಜ ಬಿಡುವುದು ಮುಗಿಯಿತು. ಗಡಿಗೆ ಒಡೆಯಲು ಇನ್ನೂ ಸಂಜೆಯಾಗಬೇಕಿತ್ತು. ಅವನು ತಮಟೆ ಎತ್ತಿಕೊಂಡು ಬೀದಿಗಿಳಿದ. "ಕುಂಬಾರ ಗೆದ್ದ! ನಾನು ಕಂಡೆ!" ಎಂದು ಸಾರಿದ.

ಸಂಜೆ ಗಡಿಗೆ ಒಡೆದರು. ಎಣಿಸಿದರು. ಕುಂಬಾರನೇ ಗೆದ್ದಿದ್ದ.

ಪದ್ಧತಿಯಂತೆ ಡಂಗುರದವನು ವ್ಯಾಪಾರಿಯ ಬಾಗಿಲಿಗೆ ಹೋದ. "ಮಧ್ಯಾಹ್ನವೇ ಕಂಡವನಿಗೆ ಸಂಜೆ ಎಲೆ ಯಾಕೆ? ಮುಚ್ಚಿದ ಗಡಿಗೆಯೊಳಗೆ ಹೇಗೆ ಕಂಡೆ, ಅದನ್ನು ಹೇಳು," ಎಂದ ವ್ಯಾಪಾರಿ. ಎಲೆ ಕೊಡದೆ ಬಾಗಿಲು ಹಾಕಿಕೊಂಡ.

ಮತ್ತೆ ಎಣಿಸಿದರು. ಬೀಜ ಅಷ್ಟೇ ಇದ್ದವು. ಮೂರನೇ ಸಲ ವ್ಯಾಪಾರಿಯ ಭಾವಮೈದುನನ ಕೈಯಲ್ಲೇ ಎಣಿಸಿದರು. ಅಷ್ಟೇ ಇದ್ದವು. ಮಾತು ಮಾತ್ರ ಅಷ್ಟೇ ಇರಲಿಲ್ಲ. ಗಡಿಗೆ ಮಾಡಿದವನು ಅವನೇ ಅಲ್ಲವೇ ಎಂದರು ಬಾವಿಕಟ್ಟೆಯಲ್ಲಿ. ಅಕ್ಕಸಾಲಿಗರ ಬೀದಿ ಮುಟ್ಟುವ ಹೊತ್ತಿಗೆ ಗಡಿಗೆಗೆ ಎರಡು ತಳ ಬಂದಿತ್ತು. ನೇಕಾರರ ಬೀದಿಯಲ್ಲಿ ಆ ಎರಡು ತಳದ ನಡುವೆ ಬೀಜವೂ ತುಂಬಿತು. ಒಡೆದ ಗಡಿಗೆಯ ಬೋಕಿಗಳು ಕಟ್ಟೆಯ ಮೇಲೇ ಬಿದ್ದಿದ್ದವು. ಬಗ್ಗಿ ಒಂದನ್ನು ಎತ್ತಿ ನೋಡಿದವರಿಲ್ಲ. ನಾನೂ ನಾಲ್ಕು ಮನೆಗೆ ಹೇಳಿ ಬಂದೆ, ಸುಳ್ಳೇಕೆ ಹೇಳಲಿ. ಎಷ್ಟು ರುಚಿಯಾಗಿತ್ತು ಆ ಸುದ್ದಿ!

ಕುಂಬಾರ ಯಜಮಾನನಾಗಿ ಕೂತ. ಅರ್ಧ ಪೇಟೆ ಅವನ ಬಳಿ ನ್ಯಾಯಕ್ಕೆ ಬರಲಿಲ್ಲ. ಅದನ್ನು ತಡೆದುಕೊಂಡ. ಒಂದು ಬೆಳಿಗ್ಗೆ ಒಬ್ಬ ಹೆಂಗಸು ಗಡಿಗೆ ಕೊಳ್ಳಲು ಬಂದಳು. ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿದಳು. ಅದನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಆ ದಿನವೇ ಊರು ಬಿಡಲು ಗಾಡಿ ಕಟ್ಟಿದ.

ಡಂಗುರದವನು ಓಡಿ ಬಂದ. "ಅಣ್ಣಾ, ಹೋಗಬೇಡ. ನೀನು ಗೆದ್ದದ್ದು ನಿಜ. ಬೀದಿಬೀದಿಗೂ ಹೋಗಿ ಮತ್ತೆ ಸಾರುತ್ತೇನೆ."

"ಏನಂತ ಸಾರುತ್ತೀ?"

"ನಾನು ಕಂಡೆ ಅಂತ."

ಕುಂಬಾರ ತಿಗರಿಯನ್ನು ಗಾಡಿಗೆ ಏರಿಸಿದ. "ಆ ಮಾತನ್ನು ಒಂದು ಅಚ್ಚು ಬೆಲ್ಲಕ್ಕೆ ಮಾರಿಬಿಟ್ಟೆಯಲ್ಲೋ," ಎಂದು ಎತ್ತು ಹೊಡೆದ.

ಆಮೇಲೆ ಆ ಪೇಟೆಯಲ್ಲಿ ಎಷ್ಟೋ ಗಡಿಗೆಯ ನೀರು ಕುಡಿದೆ. ಆ ತಂಪು ಸಿಗಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಈರಭದ್ರ ಒಪ್ಪಲಿಲ್ಲ. "ಆದರೂ ಅವ್ವಾ, ಡಂಗುರದವನು ಹೇಳಿದ್ದು ನಿಜವೇ ತಾನೆ? ಒಂದಿಷ್ಟು ಬೇಗ ಹೇಳಿದ, ಅಷ್ಟೇ."

"ಸುಳ್ಳಾಗಿದ್ದರೆ ಎಣಿಸಿದ ಸಂಜೆಯೇ ತೊಳೆದು ಹೋಗುತ್ತಿತ್ತು ತಮ್ಮಾ; ನೋಡದೆ ಹೇಳಿದ ನಿಜವನ್ನು ಯಾವ ನೀರಿನಲ್ಲಿ ತೊಳೆಯುತ್ತೀ?"