ಉತ್ತರ ಕೊಡದ ಪೆಟ್ಟಿಗೆ

ಹೊಳೆಯ ದಂಡೆಯ ಮೇಲೊಂದು ಮಠ. ಶಾಂತಮಲ್ಲಜ್ಜ ಅಲ್ಲಿಯ ಗುರುಗಳು. ಅವರ ಕೃಪೆಯ ನೆರಳಲ್ಲಿ ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ, ಬಂದವರಿಗೆಲ್ಲ ಉಣಬಡಿಸುವ ದಾಸೋಹದ ಮನೆ.

ಮಠದ ಕಂಪ್ಯೂಟರ್‌ಗಳನ್ನು ಕಾಯುವ ಸೇವೆ ಶಿಷ್ಯ ನಿರುಪಾದಿಯದು. ಅದನ್ನೂ ಅವನು ಪೂಜೆಯಂತೆಯೇ ಮಾಡುತ್ತಿದ್ದ.

ಒಂದೊಂದು ಕಟ್ಟಡಕ್ಕೂ ಒಂದು ಸ್ವಿಚ್ ಪೆಟ್ಟಿಗೆ. ಆ ಕಟ್ಟಡದ ಕಂಪ್ಯೂಟರ್‌ಗಳ ತಂತಿಗಳೆಲ್ಲ ಬಂದು ಸೇರುವುದು ಅದಕ್ಕೆ. ನಿರುಪಾದಿಯ ಕೋಣೆಯಲ್ಲಿದ್ದ ಕಾವಲಿನ ಯಂತ್ರ ಸರದಿಯಂತೆ ಪ್ರತಿ ಪೆಟ್ಟಿಗೆಯನ್ನೂ ಕೇಳುತ್ತಿತ್ತು: "ನಿನ್ನ ಹತ್ತಿರ ಈಗ ಯಾರಿದ್ದಾರೆ?" ಪೆಟ್ಟಿಗೆ ಹೇಳುತ್ತಿತ್ತು. ಗುರುತಿನವರಿಗೆ ದಾರಿ, ಗುರುತಿಲ್ಲದವರಿಗೆ ತಡೆ.

ಒಮ್ಮೆ ಎರಡು ಸರದಿಗಳ ನಡುವೆ ಯಾರೋ ನುಸುಳಿ ಬಂದು, ರೋಗಿಗಳ ಕಡತಗಳ ಹತ್ತಿರಕ್ಕೇ ಹೋಗಿದ್ದ. ಹಾನಿಯೇನೂ ಆಗಲಿಲ್ಲ, ಶಿವ ಕಾಪಾಡಿದ. ಆದರೆ ನಿರುಪಾದಿಯ ನಿದ್ದೆ ಹೋಯಿತು. ಅಂದಿನಿಂದ ಯಂತ್ರಕ್ಕೆ ಬಿಡುವಿಲ್ಲ. ಅದಕ್ಕೆ ಅವನ ಅಪ್ಪಣೆ: ಉತ್ತರ ಬಂದ ಕೂಡಲೇ ಮತ್ತೆ ಕೇಳು. ಉತ್ತರ ಬರದಿದ್ದರೆ ಆ ಪೆಟ್ಟಿಗೆಯನ್ನೇ ಹೊರಗಿಡು.

ಒಂದು ಬೆಳಿಗ್ಗೆ ಆಸ್ಪತ್ರೆಯ ಪೆಟ್ಟಿಗೆ ಸುಮ್ಮನಾಯಿತು. ಯಂತ್ರ ಅದರ ದಾರಿ ಮುಚ್ಚಿತು.

ಆಸ್ಪತ್ರೆಯಲ್ಲಿ ಅಂಬಿಗ ಹುಲಿಗೆಪ್ಪ ಎದೆನೋವೆಂದು ಮಲಗಿದ್ದ. ಪಟ್ಟಣದ ಹೃದಯದ ಡಾಕ್ಟರು ಅವನನ್ನು ಪರದೆಯ ಮೇಲೆ ನೋಡಿ ಮದ್ದು ಹೇಳಬೇಕಿತ್ತು. ಈಗ ಪರದೆ ಕಪ್ಪಾಗಿತ್ತು.

ಸುದ್ದಿ ಕೇಳಿ ಅಜ್ಜ ನಿರುಪಾದಿಯನ್ನು ಕರೆಸಿದರು.

"ಏನಾತೋ ತಮ್ಮಾ?"

"ಪೆಟಿಗಿ ಮಾತಾಡವಲ್ದು ಅಜ್ಜಾರ. ಯಾರೋ ಒಳಗ ಹೊಕ್ಕಿರಬೇಕು. ಅದಕ್ಕ ದಾರಿ ಬಂದ್ ಮಾಡೇನ್ರಿ."

"ಅಲ್ಲಿಗೆ ಹೋಗಿ ನೋಡಿದಿಯೇನು?"

"ಇಲ್ರಿ. ಇಲ್ಲಿಂದನ ಕೇಳಾಕತ್ತೇನ್ರಿ. ಬಿಡದಂಗ."

"ಡಾಕ್ಟರು ಎಷ್ಟೊತ್ತಿಗೆ ನೋಡ್ತಾರ?"

"ಹನ್ನೊಂದಕ್ಕ್ರಿ."

"ಹಂಗಾರ ಇನ್ನೂ ಹೊತ್ತೈತಿ. ದಾಸೋಹಕ್ಕ ಬಾ. ಫಕೀರವ್ವನ ಕೈ ನೋಯಾಕತ್ತೈತಂತ, ನಾಕು ರೊಟ್ಟಿ ಬಡಿ."

ನಿರುಪಾದಿಗೆ ಏನೂ ತಿಳಿಯಲಿಲ್ಲ. ಆದರೆ ಗುರುವಿನ ಮಾತು. ಹೋಗಿ ಒಲೆಯ ಮುಂದೆ ಕುಳಿತ. ರೊಟ್ಟಿ ಬಡಿಯುವ ಫಕೀರವ್ವ ನಕ್ಕು ಪಕ್ಕಕ್ಕೆ ಸರಿದಳು.

ಅಜ್ಜ ಹೊಸ್ತಿಲಲ್ಲಿ ನಿಂತರು.

"ತಮ್ಮಾ, ಒಲಿ ಮುಂದ ಯಾರದೀರಿ?"

"ನಾನು, ಫಕೀರವ್ವ ಇದ್ದೇವ್ರಿ."

ಹಿಟ್ಟಿನ ಉಂಡೆಗೆ ಕೈ ಹಾಕಿದ.

"ಈಗ ಯಾರದೀರಿ?"

"ನಾವ ಇಬ್ಬರ್ರಿ ಅಜ್ಜಾರ."

ಒಂದು ಪೆಟ್ಟು ಬಡಿದ.

"ಈಗ?"

"ನಾವ ಇಬ್ಬರ್ರಿ ಅಂದ್ನೆಲ್ರಿ!"

ಹೇಗೋ ಬಡಿದು ಹಂಚಿಗೆ ಹಾಕಿದ. ನೀರು ಸವರಲು ಅರಿವೆ ಹಿಡಿದರೆ, "ಈಗ?" ನೀರು ಸವರಲು ಅರಿವೆ ಹಿಡಿದರೆ, "ಈಗ?" ಹಂಚಿನಿಂದ ಹೊಗೆ ಎದ್ದಿತು.

"ಅಜ್ಜಾರ, ಇವ ನಿಮಗ ಉತ್ತರ ಕೊಡ್ತಾನೋ, ರೊಟ್ಟಿ ಸುಡ್ತಾನೋ?" ಫಕೀರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನೋಡ್ರಿ, ಇದ್ದಲಿ ಆತು!"

"ಈಗ ಯಾರದೀರಿ?"

ಹೊಗೆ ಗಂಟಲಿಗೆ ಹೋಗಿತ್ತು. ನಿರುಪಾದಿ ಕೆಮ್ಮಿದ. ಮಾತು ಹೊರಡಲಿಲ್ಲ.

"ಮಾತಾಡವಲ್ಲ," ಎಂದರು ಅಜ್ಜ. "ಹಂಗಾರ ಇವ ನಮ್ಮಾವ ಅಲ್ಲ."

ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದರು.

"ಅಯ್ಯ ನಮ್ಮಪ್ಪಾ!" ಒಳಗಿನಿಂದ ಫಕೀರವ್ವ ಕೂಗಿಕೊಂಡಳು. "ನನ್ನೂ ಕೂಡಿ ಹಾಕಿದ್ರೆಲ್ಲಾ! ನಾ ಏನ್ ಮಾಡೇನ್ರಿ?"

ಕೆಮ್ಮಿನ ನಡುವೆ ನಿರುಪಾದಿಯ ದನಿ ಸಣ್ಣಗೆ ಕೇಳಿತು.

"ತಿಳೀತ್ರಿ ಅಜ್ಜಾರ. ಬಾಗಿಲಾ ತಗೀರಿ. ಹುಲಿಗೆಪ್ಪ ಕಾಕಾ ಅಲ್ಲಿ ಕಾಯಾಕತ್ತಾನ."

ಚಿಲಕ ಸರಿಯಿತು. ಕೈಯ ಹಿಟ್ಟು ಕೈಯಲ್ಲೇ ಇತ್ತು. ಹಾಗೆಯೇ ಆಸ್ಪತ್ರೆಗೆ ಓಡಿದ.

ಪೆಟ್ಟಿಗೆಯೊಳಗೆ ಯಾರೂ ಹೊಕ್ಕಿರಲಿಲ್ಲ. ಹಳೆಯ ಪೆಟ್ಟಿಗೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಕೊಟ್ಟು ಬಸವಳಿದಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು. ನಿರುಪಾದಿ ಅದರ ಮೇಲಿದ್ದ ಹಾಸಿಗೆ ಗಂಟನ್ನು ತೆಗೆದ, ಕಿಟಕಿ ತೆರೆದ. ತನ್ನ ಕೋಣೆಗೆ ಓಡಿ ಕಾವಲಿನ ಯಂತ್ರಕ್ಕೆ ಹೇಳಿ, ಕೇಳುವ ಸರದಿಯನ್ನು ದೂರ ದೂರ ಮಾಡಿದ. ಮುಚ್ಚಿದ ದಾರಿಯನ್ನು ತೆರೆದ.

ಪೆಟ್ಟಿಗೆ ತಣ್ಣಗಾಗಿ ಉಸಿರು ಬಿಟ್ಟ ಹಾಗೆ ದೀಪ ಮಿಟುಕಿಸಿತು. ಪರದೆಯ ಮೇಲೆ ಡಾಕ್ಟರ ಮುಖ ಬಂತು. ಹುಲಿಗೆಪ್ಪ ಮಲಗಿದಲ್ಲೇ ಕೈ ಮುಗಿದ. ಡಾಕ್ಟರು ನೋಡಿ, ಕೇಳಿ, ಗುಳಿಗೆ ಬದಲಿಸಿದರು. ಹೆದರುವುದೇನಿಲ್ಲ, ದೋಣಿಗೆ ಹುಟ್ಟು ಹಾಕುವುದು ಮಾತ್ರ ಕೆಲ ದಿನ ಬೇಡ ಎಂದರು.

"ದೋಣ್ಯಾಗ ಸುಮ್ನ ಕುಂದ್ರಬಹುದೇನ್ರಿ?" ಎಂದ ಹುಲಿಗೆಪ್ಪ. ಡಾಕ್ಟರೂ ನಕ್ಕರು.

ನಿರುಪಾದಿ ಬಂದು ಗುರುಗಳ ಪಾದ ಮುಟ್ಟಿದ.

"ಅಜ್ಜಾರ, ಆದ್ರೂ ಒಂದು ಅಳುಕೈತ್ರಿ. ಸರದಿ ದೂರ ಮಾಡಿದ್ರ, ನಡುವ ಕಳ್ಳ ಬಂದ್ರ?"

"ಯಾರರ ಬಂದ್ರ ಆ ಪೆಟಿಗಿಗೆ ತಾನಾಗೇ ಹೇಳಾಕ ಬರಂಗಿಲ್ಲೇನು?"

"ಬರ್ತೈತ್ರಿ. ಹೊಸಬರು ಬಂದ ಕೂಡ್ಲೇ ಸುದ್ದಿ ಕಳಸ್ತೈತಿ. ನಾನ ಅದನ್ನ ಬಂದ್ ಮಾಡಿದ್ದೆ."

"ಯಾಕೋ?"

ನಿರುಪಾದಿ ತಲೆ ತಗ್ಗಿಸಿದ. "ನಂಬಿಕಿ ಇರ್ಲಿಲ್ರಿ."

"ಹಂಗಾರ ಕೇಳೂದ ಬಿಟ್ಟುಬಿಡ್ಲೇನ್ರಿ?" ಎಂದು ಅವನೇ ಮತ್ತೆ ಕೇಳಿದ.

ಅಜ್ಜ ಹೊಳೆಯ ಕಡೆ ನೋಡಿದರು. "ಭಕ್ತಾ ಕರದ್ರ ಶಿವ ಬರ್ತಾನ. ಕರೀದಿದ್ರೂ ಆಗಾಗ ಬಂದು ಹಣಿಕಿ ಹಾಕಿ ಹೋಗ್ತಾನ."

ನಿರುಪಾದಿ ಹೋಗಿ, ದೂರದ ಸರದಿಯನ್ನು ಹಾಗೇ ಉಳಿಸಿ, ಪೆಟ್ಟಿಗೆಗಳು ತಾವಾಗಿಯೇ ಸುದ್ದಿ ಹೇಳುವಂತೆಯೂ ಮಾಡಿ ಬಂದ. ಎಷ್ಟೋ ದಿನಗಳ ಮೇಲೆ ಅವನ ಮೈ ಹಗುರಾಗಿತ್ತು.

ಮಧ್ಯಾಹ್ನವಾಯಿತು. ಬಂದವರೆಲ್ಲ ಉಂಡೆದ್ದರು. ಎಲ್ಲರದೂ ಆದ ಮೇಲೆ ತಾವು ಉಣ್ಣುವುದು ಅಜ್ಜನ ನೇಮ.

ಅಜ್ಜ ಜಗಲಿಗೆ ಬಂದು ಹೊಳೆಯ ಕಡೆಗೆ ಮುಖ ಮಾಡಿ ಕೂಗಿದರು.

"ಹಸದಾವ್ರು ಯಾರರ ಅದೀರೇನಪ್ಪಾ?"

ಯಾರೂ ಓ ಎನ್ನಲಿಲ್ಲ. ಬಿಸಿಲಲ್ಲಿ ನೀರು ಹೊಳೆಯುತ್ತಿತ್ತು.

"ಯಾರೂ ಇಲ್ರಿ ಅಜ್ಜಾರ," ಎಂದು ನಿರುಪಾದಿ ತಾಟು ತಂದಿಟ್ಟ. "ಎಡಿ ಮಾಡ್ಲ್ಯಾ?"

ಅಜ್ಜ ಕೋಲು ತೆಗೆದುಕೊಂಡು ಮೆಟ್ಟಿಲಿಳಿದರು.

"ಓ ಅನ್ನಾಕೂ ತ್ರಾಣ ಇಲ್ದಷ್ಟು ಹಸದಾವ ಇರಬಹುದು. ರೊಟ್ಟಿ ಬುಟ್ಟಿ ತಗೋ, ನೋಡಿ ಬರೂಣು."