ಗಿರಣಿ ನಿಂತರೂ ನಿಲ್ಲದ ಗುಂಯ್

ರಾಣೇಬೆನ್ನೂರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಚಿದಂಬರ ಎಂಬ ಗಿಟಾರ್ ವಾದಕ ಬಾಡಿಗೆಗಿದ್ದ. ಬಾಡಿಗೆ ಅಗ್ಗ, ಸದ್ದು ಪುಕ್ಕಟೆ.

ಒಂದು ದಿನ ಬೆಳಿಗ್ಗೆ ಒಬ್ಬ ಸಂಗೀತ ನಿರ್ದೇಶಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಮನೇಲೇ ರೆಕಾರ್ಡ್ ಮಾಡಿ ಕಳಿಸಿ. ಗಿಟಾರ್ ಬಿಟ್ಟು ಬೇರೆ ಸದ್ದು ಕೇಳಬಾರದು. ಮಧ್ಯಾಹ್ನದೊಳಗೆ ಬರಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ." ವರ್ಷಗಟ್ಟಲೆ ಮದುವೆ ಮಂಟಪಗಳಲ್ಲಿ ಬಾರಿಸಿದವನಿಗೆ ಇದು ಮೊದಲ ಸಿನಿಮಾ ಕೆಲಸ.

ಚಿದಂಬರ ಕೆಳಗಿಳಿದು ಗಿರಣಿ ನಡೆಸುವ ನೀಲವ್ವನ ಕೈಕಾಲು ಹಿಡಿದ. ಜೋಳದ ಡಬ್ಬಿ ಹಿಡಿದವರು ಸಾಲುಗಟ್ಟಿ ನಿಂತಿದ್ದರೂ ಅವಳು ಗಿರಣಿ ನಿಲ್ಲಿಸಿದಳು. ಅವನು ಮೇಲೆ ಬಂದು ಫ್ಯಾನ್ ಆರಿಸಿ, ಕಿಟಕಿಗೆ ಹೊದೆಯುವ ದಪ್ಪ ಕೌದಿ ಕಟ್ಟಿ ಬಾರಿಸಿದ. ರೆಕಾರ್ಡ್ ಆದದ್ದನ್ನು ಹಾಕಿ ಕೇಳಿದರೆ ತಂತಿಗಳ ಹಿಂದೆ ಗಿರಣಿಯದೇ ಎನ್ನುವಂಥ ಗುಂಯ್.

ದಡದಡ ಇಳಿದು ಬಂದ. "ನಿಲ್ಲಸ್ತೀನಿ ಅಂತ ಹೇಳಿ ಸಣ್ಣಗ ಓಡಸಾಕತ್ತೀರೇನ್ರಿ ಅಕ್ಕಾರ?"

ನೀಲವ್ವ ನಿಂತ ಬೆಲ್ಟಿನ ಮೇಲೆ ಕೈ ಇಟ್ಟು ತೋರಿಸಿದಳು. "ಗಿರಣಿಗೆ ಸಣ್ಣಗ ಓಡೋದು ಗೊತ್ತಿಲ್ಲ ತಮ್ಮಾ."

ಮತ್ತೆ ಮೇಲೆ ಹೋದ. ಹೆಡ್‌ಫೋನ್ ಹಾಕಿಕೊಂಡು, ಮೈಕ್ ಕೈಯಲ್ಲಿ ಹಿಡಿದು ಕೋಣೆ ಸುತ್ತಿದ. ಕಿಟಕಿಯ ಬಳಿ ಸದ್ದಿಲ್ಲ. ಬಾಗಿಲ ಬಳಿಯೂ ಇಲ್ಲ. ಮೇಜಿನ ಹತ್ತಿರ ಬಂದೊಡನೆ ಗುಂಯ್ ಏರಿತು. ರೆಕಾರ್ಡ್ ಮಾಡಲು ಮೈಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ ಕಂಪ್ಯೂಟರ್ ಕಾದು, ಅದರ ಹೊಟ್ಟೆಯೊಳಗಿನ ಫ್ಯಾನ್ ತಿರುಗುತ್ತಿತ್ತು.

ಅಷ್ಟರಲ್ಲಿ ಕೆಳಗೆ ಗಿರಣಿ ಶುರುವಾಯಿತು.

ಮೆಟ್ಟಿಲಿಳಿಯುವಾಗ ಒಂದು ನೆಪ ಬಾಯಿಗೆ ಬಂತು. ರಸ್ತೆಯಲ್ಲಿ ಲಾರಿ ಹೋಗಿ ರೆಕಾರ್ಡಿಂಗ್ ಕೆಡಿಸಿತು ಎಂದರೆ ಯಾರು ಪ್ರಶ್ನಿಸುತ್ತಾರೆ? ನೀಲವ್ವನ ಮುಖ ಕಂಡದ್ದೇ ಅದನ್ನು ನುಂಗಿದ.

"ಅಕ್ಕಾರ, ತಪ್ಪು ನಂದು. ಸದ್ದು ನನ್ನ ಕಂಪ್ಯೂಟರಂದು, ನಿಮ್ಮ ಮ್ಯಾಲೆ ಹಾಕಿದೆ. ಇನ್ನೊಂದು ಸಲ ನಿಲ್ಲಸ್ರಿ."

ಸಾಲಿನಲ್ಲಿದ್ದ ಮುದುಕನೊಬ್ಬ, "ಕಳ್ಳನ್ನ ಮಗ್ಗಲದಾಗ ಕುಂದರಿಸ್ಕೊಂಡು ಓಣಿ ತುಂಬ ಹುಡುಕಿದಿ ನೋಡು" ಎಂದ. ಎಲ್ಲರೂ ನಕ್ಕರು.

ನೀಲವ್ವ ನಗಲಿಲ್ಲ. "ನೆಪ ಹೇಳಿದ್ರ ಹಂಗ ವಾಪಸ್ ಕಳಸ್ತಿದ್ದೆ. ಒಂದ ಸಲ ನಿಲ್ಲಸ್ತೀನಿ. ತಪ್ಪಿದ್ರ ನಿನ್ನ ಹಣೆಬರಹ."

ಗಿರಣಿ ನಿಂತಿತು. ಚಿದಂಬರ ಕಂಪ್ಯೂಟರನ್ನು ಹೊರಗೆ ಮೆಟ್ಟಿಲ ಮೇಲಿಟ್ಟ. ಮೈಕಿನ ವೈರನ್ನು ಬಾಗಿಲ ಸಂದಿಯಲ್ಲಿ ಒಳಗೆಳೆದು ಬಾಗಿಲು ಮುಚ್ಚಿದ. ಕೆಳಗೆ ಸಾಲಿನವರೂ ಉಸಿರೆತ್ತದೆ ನಿಂತಿದ್ದರು. ಚಿದಂಬರ ಗಿಟಾರ್ ಎತ್ತಿಕೊಂಡ. ಒಂದೇ ಸಲಕ್ಕೆ ತಪ್ಪಿಲ್ಲದೆ ಬಾರಿಸಿ ಮುಗಿಸಿದ.

ಅವನು ಕಳಿಸಿದ ಸ್ವಲ್ಪ ಹೊತ್ತಿಗೆ ನಿರ್ದೇಶಕರ ಉತ್ತರ ಬಂತು: "ಶುದ್ಧವಾಗಿದೆ. ಇಟ್ಟುಕೊಂಡೆ."

ನೀತಿ: ಸರಕು ಕೆಟ್ಟಾಗ ಸಂತೆಯನ್ನು ಬೈಯುವ ಮೊದಲು ನಿಮ್ಮ ಅಂಗಡಿಯೊಳಗೆ ನೋಡಿಕೊಳ್ಳಿ. ದೋಷ ಅಲ್ಲೇ ಇದ್ದರೆ ತಡಮಾಡದೆ ಒಪ್ಪಿಕೊಳ್ಳಿ. ನೆಪ ಮಾರಿ ಬದುಕಿದ ವ್ಯಾಪಾರಿ ಇಲ್ಲ.