ಬಂಡೆಹಲ್ಲಿಗೆ ಬಂದ ಬೋರ್ಡು

ಬೆಟ್ಟದ ಬಂಡೆಹಲ್ಲಿ ಜಂಬ ಏನ್ ಕೇಳ್ತೀರಿ! ಮಂಟಪದ ಮನೆಹಲ್ಲಿ ಹತ್ರ ಹೋಗಿ, "ನಮ್ ಜಾತಿ ಅಳಿವಿನಂಚಲ್ಲೈತೆ ಅಂತ ದೊಡ್ಡೋರು ಹೇಳವ್ರೆ ಕಣೇ. ನಿನ್ನಂಥೋರು ಒಂದೊಂದ್ ಗೋಡೆಗೂ ಹತ್ತತ್ತು ಸಿಗ್ತಾರೆ," ಅಂತು.

"ಸಾಯೋರ ಸಾಲಲ್ಲಿ ಮುಂದೆ ನಿಂತು ಮೆರೀತೀಯಲ್ಲೇ ತಾಯಿ!" ಅಂತು ಮನೆಹಲ್ಲಿ.

"ಹೊಟ್ಟೆಕಿಚ್ಚು ನಿಂಗೆ. ನಮ್ಮನ್ನ ಉಳಿಸಿ ಅಂತ ಇಲ್ಲೇ ಬೋರ್ಡು ಹಾಕ್ತಾರೆ, ನೋಡ್ತಿರು."

ಕಾಡಿಲಾಖೆ ಸಾಹೇಬ್ರು ಮೇಸ್ತ್ರಿ, ಆಳುಗಳ್ನ ಕರ್ಕೊಂಡು ಬೋರ್ಡು ಹಾಕೋಕೆ ಬಂದೇ ಬಂದ್ರು. ಬಂಡೆ ಮೇಲೆ ಕಂಬ ನಿಲ್ಲಬೇಕಲ್ಲ, ಬಿರುಕು ಹುಡುಕಿ ಹಾರೆ ಹಾಕಿದ್ರು. ಬಂಡೆಹಲ್ಲಿ ಮೊಟ್ಟೆ ಇಟ್ಟಿದ್ದು ಅದೇ ಬಿರುಕಲ್ಲಿ.

"ಅಯ್ಯೋ, ನನ್ ಮಕ್ಳು! ಬೇಡ್ರಪ್ಪೋ!" ಅಂತ ಅದು ಲೊಚಲೊಚ ಬಡ್ಕೊಂತು.

ಮೇಸ್ತ್ರಿ ಹಾರೆ ನಿಲ್ಸಿ, ಬಂಡೆಗೆ ಬೆರಳಲ್ಲಿ ಟಕಟಕ ತಟ್ಟಿ ಕಣ್ಣಿಗೊತ್ಕೊಂಡ. "ಹಲ್ಲಿ ನುಡೀತು ಸಾರ್, ಶುಭ ಶಕುನ! ಇದೇ ಜಾಗ ಅಂತೈತೆ. ಹಾಕ್ರೋ ಜೋರಾಗಿ!"